ದಾರಿ ತಪ್ಪಿದವರೆಲ್ಲ ದಿಯಾಬ್ ಅಜ್ಜನ ಮನೆಗೆ

ನಮ್ಮ ಸಲ್ತ್ ಊರಿನಲ್ಲಿ ನಿವೃತ್ತನಾಗುವವರೆಗೂ ನೀರಿನ ಮೀಟರ್ ಓದುತ್ತಿದ್ದವನು ಫವ್ವಾಜ್. ಗುಡ್ಡದ ಮೈಗೆ ಅಂಟಿಕೊಂಡ ಊರು ನಮ್ಮದು. ಒಬ್ಬನ ಮಾಳಿಗೆ ಇನ್ನೊಬ್ಬನ ಅಂಗಳ, ಮೆಟ್ಟಿಲು ಹತ್ತದೆ ಯಾರ ಮನೆಗೂ ಹೋಗುವಂತಿಲ್ಲ. ಅಂಥ ಊರಿನಲ್ಲಿ ಪ್ರತಿ ಬಾಗಿಲನ್ನೂ ತಿಂಗಳಿಗೊಮ್ಮೆ ತಟ್ಟುವ ಹಕ್ಕು ಅವನೊಬ್ಬನಿಗಿತ್ತು. ಮೀಟರ್ ಬಾಗಿಲ ಹೊರಗೇ ಇರುತ್ತಿತ್ತು, ಆದರೆ ಅವನು ಓದುತ್ತಿದ್ದದ್ದು ಒಳಗಿನದನ್ನು. ಯಾರಿಗೆ ಯಾರು ಏನಾಗಬೇಕು, ಯಾರ ಅತ್ತೆ ಯಾರಿಗೆ ಚಿಕ್ಕಮ್ಮ, ಯಾವ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಾರೆ, ಎಲ್ಲವೂ ಅವನ ತಲೆಯಲ್ಲಿತ್ತು. ನಿವೃತ್ತನಾದ ಮೇಲೆ ತಟ್ಟಲು ಬಾಗಿಲಿಲ್ಲದೆ ಬೆರಳು ತುರಿಸತೊಡಗಿತು. ಆಗ ಊರಿನ ವಂಶಾವಳಿ ಬರೆಯುವ ಯೋಚನೆ ಬಂತು. ಒಂದಕ್ಷರ ಬರೆಯುವ ಮೊದಲೇ 'ಫವ್ವಾಜ್, ವಂಶಾವಳಿ ತಜ್ಞ' ಎಂದು ಕಾರ್ಡು ಅಚ್ಚು ಹಾಕಿಸಿ, ಮಾಂಸದಂಗಡಿಯಿಂದ ಹಿಡಿದು ಮಸೀದಿಯವರೆಗೆ ಹಂಚಿಕೊಂಡು ಬಂದ.

ಅವನಿಗೆ ಏನಾದರೊಂದು ಬಿರುದು ಬೇಕಿತ್ತು ಎಂಬುದನ್ನು ಒಪ್ಪಬೇಕು. ನಮ್ಮಲ್ಲಿ ಮೊದಲ ಮಗ ಹುಟ್ಟಿದ ದಿನ ಗಂಡಸಿನ ಸ್ವಂತ ಹೆಸರು ಕಪಾಟು ಸೇರುತ್ತದೆ. ಅಂದಿನಿಂದ ಅವನು ಅಬು ಇಂಥವನು, ಅಂದರೆ ಇಂಥವನ ಅಪ್ಪ. ಮೆಕ್ಕಾಗೆ ಹೋಗಿ ಬಂದರೆ ಹಾಜಿ. ಇವೆರಡೂ ಇಲ್ಲದವನನ್ನು ಬರಿಯ ಹೆಸರಿನಿಂದ ಕರೆಯುತ್ತಾರೆ, ಬೀದಿಯಲ್ಲಿ ಚೆಂಡಾಡುವ ಮಕ್ಕಳನ್ನು ಕರೆದ ಹಾಗೆ. ಫವ್ವಾಜನಿಗೆ ಮಕ್ಕಳಾಗಲಿಲ್ಲ, ಹೆಂಡತಿಯೂ ಬೇಗ ಹೋದಳು. ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡ ಅಣ್ಣನ ಮಗಳು ರನೀಮಳನ್ನು ಅವಳು ನಡೆಯಲು ಕಲಿಯುವ ಮೊದಲಿನಿಂದ ಸಾಕಿದ. ಆದರೆ ಅಣ್ಣನ ಮಗಳಿಂದ ಬಿರುದು ಬರುವುದಿಲ್ಲ. ಊರಿಗೆಲ್ಲ ಅವನು ಮೀಟರ್ ಫವ್ವಾಜ್ ಆಗಿಯೇ ಉಳಿದ.

ರನೀಮ್ ಹೆಣ್ಣುಮಕ್ಕಳ ಶಾಲೆಯಲ್ಲಿ ಲೆಕ್ಕ ಕಲಿಸುವವಳು. ಅವಳೇ ಒಂದು ಹಳೆಯ ಲ್ಯಾಪ್‌ಟಾಪ್ ತಂದುಕೊಟ್ಟು, ಬರಿಯ ಅಕ್ಷರಗಳ ಸಾದಾ ಫೈಲಿನಲ್ಲಿ ಬರೆಯುವುದನ್ನು ಅವನಿಗೆ ಕಲಿಸಿದಳು. ಬಣ್ಣವಿಲ್ಲ, ಅಲಂಕಾರವಿಲ್ಲ. ಒಬ್ಬ ಮನುಷ್ಯನಿಗೆ ಒಂದು ಫೈಲು, ಫೈಲಿಗೆ ಆ ಮನುಷ್ಯನದೇ ಹೆಸರು. ಒಳಗೆ ಅಪ್ಪ ಇಂಥವನು, ಹೆಂಡತಿ ಇಂಥವಳು ಎಂದು ಬರೆದು ಆ ಹೆಸರನ್ನು ಚೌಕ ಕಂಸದಲ್ಲಿ ಕೂರಿಸಿದರೆ ಆಯಿತು. ಅವಳು ಹಾಕಿಕೊಟ್ಟಿದ್ದ ಒಂದು ಪ್ರೋಗ್ರಾಮು ಅಷ್ಟನ್ನೂ ಇಂಟರ್‌ನೆಟ್ ಪುಟಗಳನ್ನಾಗಿ ಮಾಡಿ ಊರಿಗೆ ತೋರಿಸುತ್ತಿತ್ತು. ಪುಟದಲ್ಲಿ ಕಂಸದ ಹೆಸರು ಕಾಣದು, ಅಪ್ಪ, ಹೆಂಡತಿ ಎಂಬ ಪದವಷ್ಟೇ ನೀಲಿಯಾಗಿ ಕಾಣುವುದು, ಒತ್ತಿದರೆ ಆ ಹೆಸರಿನ ಪುಟಕ್ಕೆ ಕರೆದೊಯ್ಯುವುದು. ಮಗನಿಂದ ಅಪ್ಪನಿಗೆ, ಅಪ್ಪನಿಂದ ಅಜ್ಜನಿಗೆ, ಮೆಟ್ಟಿಲು ಹತ್ತಿದ ಹಾಗೆ.

ಕಲಿಸಿಕೊಡುವಾಗ ರನೀಮ್ ಒಂದೇ ಒಂದು ಎಚ್ಚರಿಕೆ ಹೇಳಿದಳು. ಪುಟದ ತಲೆಯ ಮೇಲೆ ಏನು ಬೇಕಾದರೂ ಬರಿ, ಫೈಲಿನ ಹೆಸರನ್ನು ಮಾತ್ರ ಮುಟ್ಟಬೇಡ. ಬೇರೆಯವರ ಪುಟಗಳೆಲ್ಲ ಆ ಹೆಸರು ಹಿಡಿದೇ ಹುಡುಕಿಕೊಂಡು ಬರುತ್ತವೆ ಎಂದಳು. ಫವ್ವಾಜ್ ತಲೆಯಾಡಿಸಿದ. ಮೀಟರ್ ಓದುವಾಗ ಜನ ಹೇಳುತ್ತಿದ್ದ ದೂರುಗಳಿಗೂ ಅವನು ಹೀಗೆಯೇ ತಲೆಯಾಡಿಸುತ್ತಿದ್ದ.

ಪುಟಗಳು ಊರಿಗೆ ಬಹಳ ಹಿಡಿಸಿದವು. ಜನ ಮೊದಲು ತಮ್ಮ ಪುಟ ನೋಡುತ್ತಿದ್ದರು, ಆಮೇಲೆ ತಮಗೆ ಆಗದವರ ಪುಟ. ಎರಡರಲ್ಲೂ ತಪ್ಪು ಸಿಗದಿದ್ದಾಗ ಫವ್ವಾಜನನ್ನು ಹೊಗಳುತ್ತಿದ್ದರು. ಹಾಗಿರುವಾಗ ಮುಫ್ಲಿಹ್ ಮೆಕ್ಕಾದಿಂದ ಹಿಂದಿರುಗಿದ.

ಮುಫ್ಲಿಹನದು ಪೇಟೆ ಬೀದಿಯಲ್ಲಿ ಕುನಾಫಾ ಅಂಗಡಿ. ಸಿಹಿ ಮಾರಿ ಮಾರಿ ನಾಲಗೆಯಲ್ಲಿ ಹುಳಿ ಮಾತ್ರ ಉಳಿದಿತ್ತು. ಅವನ ಮಗ ಉಬಾದಾ ದನ ಕುರಿಗಳ ಡಾಕ್ಟರು, ಒಳ್ಳೆಯ ಹುಡುಗ. ಅವನಿಗೂ ರನೀಮಳಿಗೂ ಮದುವೆಯ ಮಾತು ಹೆಂಗಸರ ಮಟ್ಟದಲ್ಲಿ ಆಗಲೇ ಮುಗಿದಿತ್ತು. ಗಂಡಸರು ಸಾಲಾಗಿ ಬಂದು ಕೇಳುವ ಶಾಸ್ತ್ರ ಮಾತ್ರ ಬಾಕಿ. ಆದ್ದರಿಂದ ಮುಫ್ಲಿಹ್ ಬರುತ್ತಿದ್ದಂತೆಯೇ ಬೀಗನಾಗಲಿರುವವನು ಎಂಬ ಗೌರವದಿಂದ ಫವ್ವಾಜ್ ಅವನ ಪುಟದ ತಲೆಯ ಮೇಲೆ ದೊಡ್ಡದಾಗಿ 'ಹಾಜಿ ಮುಫ್ಲಿಹ್' ಎಂದು ಬರೆದ. ಬರೆದು ಲ್ಯಾಪ್‌ಟಾಪನ್ನು ಅಂಗಡಿಗೇ ಹೊತ್ತುಕೊಂಡು ಹೋಗಿ ತೋರಿಸಿದ. ನಾನೂ ಅಲ್ಲೇ ತಿನ್ನುತ್ತಾ ಕೂತಿದ್ದೆ.

ಮುಫ್ಲಿಹ್ ಕೈ ಒರೆಸಿಕೊಂಡು ನೋಡಿದ. ಓದಿದ. ಮೀಸೆ ತಿರುವಿದ. ಆಮೇಲೆ ಅವನ ಬೆರಳು ನಿಧಾನವಾಗಿ ಮೇಲೇರಿ, ಪುಟದ ನೆತ್ತಿಯ ಮೇಲೆ ವಿಳಾಸ ಕಾಣುವ ಪಟ್ಟಿಯ ಹತ್ತಿರ ನಿಂತಿತು. ಅಲ್ಲಿ ಕೊನೆಯಲ್ಲಿ ಬರಿಯ 'ಮುಫ್ಲಿಹ್' ಎಂದಿತ್ತು.

"ಇದ್ಯಾರು ಇಲ್ಲಿ?" ಎಂದ.

ಅದು ಪುಟದ ವಿಳಾಸ, ಅದನ್ನು ಯಾರೂ ನೋಡುವುದಿಲ್ಲ ಎಂದು ಫವ್ವಾಜ್ ಹೇಳಿದ.

"ನಾನು ನೋಡಿದೆನಲ್ಲ. ಒಳಗೆ ಹಾಜಿ, ಬಾಗಿಲಲ್ಲಿ ಬರೀ ಮುಫ್ಲಿಹ್. ಬಾಗಿಲ ತನಕ ಬಂದೋರು ಏನಂದ್ಕೊಬೇಕು? ಅಷ್ಟು ಬಿಸಿಲಲ್ಲಿ ಸುತ್ತು ಹಾಕಿದ್ದು ಯಾರು, ನಿನ್ನ ಲ್ಯಾಪ್‌ಟಾಪಾ?"

ಬೀಗನಾಗುವವನ ಮಾತು. ಫವ್ವಾಜ್ ಅಲ್ಲೇ ಕುನಾಫಾ ತಟ್ಟೆಯ ಪಕ್ಕ ಕೂತು ಫೈಲಿನ ಹೆಸರನ್ನು 'ಹಾಜಿ ಮುಫ್ಲಿಹ್' ಎಂದು ಬದಲಾಯಿಸಿಬಿಟ್ಟ. ಏನೂ ಆಗಲಿಲ್ಲ. ಲ್ಯಾಪ್‌ಟಾಪ್ ಹೊಗೆಯಾಡಲಿಲ್ಲ, ಅಂಗಡಿ ಬೀಳಲಿಲ್ಲ. ಹುಡುಗಿಯರು ಸುಮ್ಮನೆ ಹೆದರಿಸುತ್ತಾರೆ ಎಂದು ಅವನಿಗೆ ಸಮಾಧಾನವಾಯಿತು. ಮುಫ್ಲಿಹ್ ಅವನಿಗೆ ಇನ್ನೊಂದು ತಟ್ಟೆ ಕೊಟ್ಟ.

ಮುಫ್ಲಿಹ್ ಒಂದು ಸಂತೋಷವನ್ನು ಒಳಗೇ ಇಟ್ಟುಕೊಳ್ಳುವ ಜಾತಿಯಲ್ಲ. ಮರುದಿನದಿಂದ ಅಂಗಡಿಗೆ ಬಂದವರಿಗೆಲ್ಲ ಮೊಬೈಲಿನಲ್ಲಿ ಆ ಪಟ್ಟಿ ತೋರಿಸತೊಡಗಿದ. ಊರಿನಲ್ಲಿ ಅದುವರೆಗೆ ಯಾರಿಗೂ ಅಂಥದ್ದೊಂದು ಪಟ್ಟಿ ಇದೆಯೆಂದೇ ಗೊತ್ತಿರಲಿಲ್ಲ. ಈಗ ಪ್ರತಿಯೊಬ್ಬ ಹಾಜಿಗೂ ತಾನು ಮೆಕ್ಕಾದಿಂದ ಬಂದು ಇಷ್ಟು ವರ್ಷವಾದರೂ ಬಾಗಿಲಲ್ಲಿ ಬರಿಹೆಸರಿನಲ್ಲಿ ನಿಂತಿರುವ ಅವಮಾನ ಗೊತ್ತಾಯಿತು. ಹಾಜಿಗಳು ಬಂದರು. ಅವರ ಹಿಂದೆ ಅಬುಗಳು ಬಂದರು. ನಮ್ಮ ಕೇರಿಗೆ ಸರಕಾರ ನೇಮಿಸಿದ ಮುಖ್ಯಸ್ಥ, ಮುಖ್ತಾರ ಶಹಾದೆಗೆ ಹಾಜಿ ಬೇಕು, ಅಬು ಬೇಕು, ಮುಖ್ತಾರನೂ ಬೇಕು. ಅವನ ವಿಳಾಸ ಪಟ್ಟಿಯಲ್ಲಿ ಹಿಡಿಸದೆ ಕೊನೆಗೆ ಚುಕ್ಕಿಗಳಾಗಿ ಮುಗಿಯಿತು. ಫವ್ವಾಜ್ ಎಲ್ಲರಿಗೂ ಬದಲಾಯಿಸಿಕೊಟ್ಟ. ತನಗೆ ಇಲ್ಲದ್ದನ್ನು ಊರಿಗೆಲ್ಲ ಹಂಚುವ ಕೆಲಸ ಅವನಿಗೆ ಎಷ್ಟು ಹಿತವಾಗಿತ್ತೆಂದರೆ, ತನ್ನ ಮನೆತನವನ್ನು ಕೊನೆಗೆಂದು ಇಟ್ಟುಕೊಂಡು, ಊರಿನ ಸತ್ತವರನ್ನೂ ಬಿಡದೆ ಅವರ ಅಬುಗಳನ್ನು ಹುಡುಕಿ ಹುಡುಕಿ ಕೂರಿಸಿದ. ರನೀಮ್ ಆ ದಿನಗಳಲ್ಲಿ ಪರೀಕ್ಷೆಯ ಉತ್ತರ ಪತ್ರಿಕೆ, ಮದುವೆಯ ಬಟ್ಟೆ ಎರಡರ ನಡುವೆ ಸಿಕ್ಕಿಕೊಂಡಿದ್ದಳು. ಚಿಕ್ಕಪ್ಪ ಲ್ಯಾಪ್‌ಟಾಪಿನ ಮುಂದೆ ಸುಮ್ಮನೆ ಕೂತಿರುವುದನ್ನು ಕಂಡು ನೆಮ್ಮದಿಪಟ್ಟುಕೊಂಡಳು.

ಮೊದಲು ಗಲಾಟೆ ಎದ್ದದ್ದು ರೊಟ್ಟಿ ಒಲೆಯ ಇಸ್ಹಾಕನ ಮನೆಯಲ್ಲಿ. ಅವನ ಹೆಂಡತಿ ಹನೀಯೆ ರಾಜಧಾನಿ ಅಮ್ಮಾನಿನಲ್ಲಿರುವ ತಂಗಿಗೆ ತನ್ನ ಪುಟ ತೋರಿಸುತ್ತಾ, ಗಂಡ ಎಂದಿದ್ದ ಕಡೆ ಒತ್ತಿದಳಂತೆ. 'ನೀವು ಹುಡುಕುತ್ತಿರುವುದು ಇಲ್ಲಿ ಇಲ್ಲ. ಅದನ್ನು ಬೇರೆಡೆಗೆ ಸಾಗಿಸಿರಬಹುದು, ಅಥವಾ ಅಳಿಸಿಹಾಕಿರಬಹುದು' ಎಂದು ಬಂತು. ತಂಗಿ ಎದುರಿಗೆ ಆದ ಅವಮಾನ. ಹನೀಯೆ ನೇರವಾಗಿ ಫವ್ವಾಜನ ಬಾಗಿಲಿಗೆ ಬಂದು, ಒಲೆಯ ಮುಂದೆ ಬೆವರು ಸುರಿಸುತ್ತಾ ಕೂತಿರುವ ಗಂಡನನ್ನು ಸಾಗಿಸಿದವರು ಯಾರು, ಅಳಿಸಿದವರು ಯಾರು ಎಂದು ಕೇಳಿದಳು. ಮನೆಯಲ್ಲಿ ಕೆಲಸ ಮಾಡದಿದ್ದರೂ ಗಂಡ ಇದ್ದಾನೆ ಎಂಬ ಒಂದು ಧೈರ್ಯವಿತ್ತು, ಅದನ್ನೂ ತೆಗೆದಿರಾ ಎಂದಳು. ಅವಳ ಹಿಂದೆಯೇ ಮುಖ್ತಾರ ಬಂದ. ಅವನ ಮೂವರು ಗಂಡುಮಕ್ಕಳ ಪುಟದಿಂದಲೂ ಅಪ್ಪ ಮಾಯವಾಗಿದ್ದ. ಊರಿನವರೆಲ್ಲ ಇದ್ದಾರೆ ಎಂದು ಮೊಹರು ಒತ್ತಿ ಕೊಡುವವನು ತಾನೇ ಇಲ್ಲವೆಂದರೆ ಮೊಹರಿನ ಗತಿ ಏನು ಎಂಬುದು ಅವನ ಚಿಂತೆ.

ಫವ್ವಾಜನಿಗೆ ದಿಗ್ಭ್ರಮೆ. ಅವನ ಲ್ಯಾಪ್‌ಟಾಪಿನಲ್ಲಿ ಎಲ್ಲರ ಫೈಲೂ ಇತ್ತು, ತೆರೆದರೆ ತೆರೆದುಕೊಳ್ಳುತ್ತಿತ್ತು. ಹಳೆಯ ಹೆಸರು ಹಿಡಿದು ಬಂದವರಿಗೆ ಆ ಮನೆ ಸಿಗುತ್ತಿಲ್ಲ ಎಂಬುದು ಅವನಿಗೆ ಹೊಳೆಯಲಿಲ್ಲ. ರನೀಮಳನ್ನು ಕೇಳಿದರೆ ಬೈಯುತ್ತಾಳೆ ಎಂಬುದು ಮಾತ್ರ ಹೊಳೆಯಿತು. ಬೆಳಗೆಲ್ಲ ತಡಕಾಡಿದ ಮೇಲೆ ಅವನ ಕೈಗೆ ಒಂದು ಸಿಕ್ಕಿತು: 'ಇಲ್ಲಿ ಇಲ್ಲ' ಎನ್ನುವ ಆ ಪುಟವೂ ಒಂದು ಫೈಲೇ, ಅದರಲ್ಲಿ ಬೇಕಾದ್ದನ್ನು ಬರೆಯಬಹುದು.

ಈಗ ಅವನು ಯೋಚಿಸಿದ ರೀತಿಯನ್ನು ನಾನು ತಪ್ಪೆನ್ನಲಾರೆ. ನಮ್ಮಲ್ಲಿ ದಾರಿ ತಪ್ಪಿದ ಅತಿಥಿಯನ್ನು ಬೀದಿಯಲ್ಲಿ ನಿಲ್ಲಿಸಿ 'ನೀವು ಹುಡುಕುವವರು ಇಲ್ಲಿಲ್ಲ' ಎನ್ನುವುದುಂಟೆ? ಕೈಹಿಡಿದು ಹಿರಿಯರ ಮನೆಗೆ ಕರೆದೊಯ್ದು ಕಾಫಿ ಕೊಡುತ್ತಾರೆ. ಫವ್ವಾಜನ ಅಜ್ಜ ಹಾಜಿ ದಿಯಾಬನ ಮನೆಯೇ ಒಂದು ಕಾಲದಲ್ಲಿ ಅಂಥ ಮನೆ. ಆದ್ದರಿಂದ ಅವನು ಅಜ್ಜನ ಪುಟವನ್ನು, ಎರಡು ಕಡೆ ಕೊಂಬಿನಂಥ ಮೀಸೆಯಿರುವ ಫೋಟೋ ಸಮೇತ, ಇಡಿಯಾಗಿ ತಂದು ಅಲ್ಲಿ ಇಟ್ಟ. ಇನ್ನು ಮೇಲೆ ದಾರಿ ತಪ್ಪಿದವರೆಲ್ಲ ದಿಯಾಬ್ ಅಜ್ಜನ ಮನೆಗೆ. ಹನೀಯೆಯನ್ನು ಕರೆದು, ಈಗ ಒತ್ತಿ ನೋಡು, ಯಾರೋ ಒಬ್ಬರು ಸಿಗುತ್ತಾರೆ ಎಂದ.

ಹನೀಯೆ ಗಂಡ ಎಂದಿದ್ದ ಕಡೆ ಒತ್ತಿದಳು. ಮೀಸೆ ಬಂತು. ಅವಳು ಸ್ವಲ್ಪ ಹೊತ್ತು ನೋಡಿ, ಇಸ್ಹಾಕನಿಗಿಂತ ಇದೇ ವಾಸಿ ಎಂದು ಹೇಳಿ ಹೋದಳು.

ಊರು ಕೆಲವು ದಿನ ತಣ್ಣಗಿತ್ತು. ದಿಯಾಬ್ ಅಜ್ಜ ತೀರಿಕೊಂಡದ್ದು ನಾನು ಚಿಕ್ಕವನಿದ್ದಾಗ. ಬದುಕಿದ್ದಾಗ ಅವನಿಗೆ ಇಬ್ಬರೇ ಗಂಡುಮಕ್ಕಳು. ಈಗ ವಾರದಿಂದ ವಾರಕ್ಕೆ ಅವನ ಸಂತಾನ ಬೆಳೆಯತೊಡಗಿತು. ಮುಖ್ತಾರನ ಮೊಮ್ಮಗಳಿಗೆ ಶಾಲೆಯಲ್ಲಿ ಮನೆತನದ ಮರ ಬರೆದು ತರಲು ಹೇಳಿದರಂತೆ. ಅವಳು ಪುಟಗಳನ್ನು ಒತ್ತಿ ಒತ್ತಿ ಬರೆದಳು. ಅವಳ ಇಬ್ಬರು ಅಜ್ಜಂದಿರೂ ಹಾಜಿ ದಿಯಾಬನೇ ಆಗಿದ್ದ, ಒಬ್ಬ ಅಜ್ಜಿಯ ಅಪ್ಪನೂ ಅವನೇ. ಮೇಡಂ ಅಕ್ಷರ ಅಂದವಾಗಿದೆ ಎಂದು ಬರೆದು ಪೂರ್ತಿ ಅಂಕ ಕೊಟ್ಟರು.

ಹೀಗಿರುವಾಗ ಗಂಡಿನ ಕಡೆಯವರು ಬರುವ ದಿನ ಬಂತು. ಹೆಣ್ಣು ಕೇಳಲು ನಮ್ಮಲ್ಲಿ ನಾಲ್ಕು ಜನ ಬರುವುದಿಲ್ಲ. ಜಾಹಾ ಎಂದರೆ ನಲವತ್ತು ಐವತ್ತು ಗಂಡಸರು, ಕೋಟು ಹಾಕಿಕೊಂಡು ಸಾಲಾಗಿ ಮೆಟ್ಟಿಲು ಹತ್ತಿ ಬರಬೇಕು. ಮುಂದೆ ಒಬ್ಬ ಗಣ್ಯ ಇರಬೇಕು, ಅವನೇ ಮಾತಾಡಬೇಕು. ಅವನ ಮುಂದೆ ಕಾಫಿ ಇಟ್ಟಾಗ ಅವನು ಬಟ್ಟಲನ್ನು ಮುಟ್ಟದೆ, ನಾವು ಕೇಳಲು ಬಂದದ್ದು ಸಿಗುವವರೆಗೆ ಕುಡಿಯುವುದಿಲ್ಲ ಎನ್ನಬೇಕು. ಹೆಣ್ಣಿನ ಕಡೆಯವನು ಕುಡಿಯಿರಿ, ಸಿಕ್ಕಿತು ಎನ್ನಬೇಕು. ಎಲ್ಲವೂ ಮೊದಲೇ ತೀರ್ಮಾನವಾದದ್ದೇ. ಆದರೆ ಆ ಬಟ್ಟಲು ಕುಡಿಯದೆ ಉಳಿದರೆ, ಮತ್ತೆ ಯಾರೂ ಆ ಮೆಟ್ಟಿಲು ಹತ್ತುವುದಿಲ್ಲ. ಹುಡುಗಿಯ ಹೆಸರಿಗೆ ಅದು ಕೊನೆಯವರೆಗೂ ಅಂಟಿಕೊಳ್ಳುತ್ತದೆ.

ಗಣ್ಯನನ್ನು ಹುಡುಕಿ ತಂದವನು ಮುಖ್ತಾರ. ಸೈನ್ಯದಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತನಾದ ರಾಕಾನ್ ಪಾಶಾ, ದಕ್ಷಿಣದ ಕಡೆಯವನು. ಅವನಿಗೆ ಸಲ್ತಿನ ಯಾರೂ ಪರಿಚಯವಿಲ್ಲ. ಪರಿಚಯವಿಲ್ಲದ ಗಣ್ಯನ ತೂಕವೇ ಬೇರೆ ಎಂಬುದು ಮುಖ್ತಾರನ ಅಭಿಪ್ರಾಯ. ಮಾತಿನಲ್ಲಿ ವಂಶ ಹೇಳಬೇಕಲ್ಲ ಎಂದು ಅವನು ಪಾಶಾನಿಗೆ ಹುಡುಗನ ಪುಟ, ಹುಡುಗಿಯ ಪುಟ ಎರಡನ್ನೂ ಕಳಿಸಿಕೊಟ್ಟಿದ್ದ. ಪಾಶಾ ಕಾರಿನಲ್ಲಿ ಬರುವಾಗ ಒತ್ತಿ ಒತ್ತಿ ಓದಿ ಬಾಯಿಪಾಠ ಮಾಡಿಕೊಂಡ. ಬಾಗಿಲಲ್ಲಿ ಮುಫ್ಲಿಹನ ಕೈ ಕುಲುಕಿದಾಗ ಯಾರೋ 'ಇವರು ಹಾಜಿ' ಎಂದಷ್ಟೇ ಹೇಳಿದರು. ಅಲ್ಲಿದ್ದವರಲ್ಲಿ ಅರ್ಧ ಜನ ಹಾಜಿಗಳೇ.

ಕಾಫಿ ಬಂತು. ಪಾಶಾನ ಮುಂದೆ ಬಟ್ಟಲು ಇಟ್ಟರು. ಅವನು ಎದ್ದು ನಿಂತ. ಗೋಡೆಗಳೂ ಬೆನ್ನು ನೆಟ್ಟಗೆ ಮಾಡಿಕೊಂಡವು ಎನ್ನಬೇಕು, ಅಂಥ ದನಿ. ದೇವರನ್ನು ನೆನೆದ, ಮನೆಯವರನ್ನು ಹೊಗಳಿದ, ಸಲ್ತಿನ ಕಲ್ಲನ್ನು ಹೊಗಳಿದ, ನೀರನ್ನು ಹೊಗಳಿದ. ಆಗ ಫವ್ವಾಜ್ ತಲೆ ಬಾಗಿಸಿದ. ಆಮೇಲೆ ಪಾಶಾ ವಿಷಯಕ್ಕೆ ಬಂದ.

"ನಾವು ಬಂದಿರೋದು ನಮ್ಮ ಹುಡುಗ ಉಬಾದಾನಿಗೋಸ್ಕರ. ಯಾರ ಮಗ ಇವನು? ಮನೆ ಬಾಗಿಲಿಗೆ ಚಿಲಕ ಹಾಕದೆ ಬಾಳಿದ, ಮೀಸೆ ನೋಡಿ ಸಾಲ ಕೊಡೋ ಕಾಲದ ದೊಡ್ಡ ಮನುಷ್ಯ, ದಿವಂಗತ ಹಾಜಿ ದಿಯಾಬರ ಮಗ. ದೇವರು ಅವರಿಗೆ ಸ್ವರ್ಗ ಕೊಡಲಿ."

ರೂಢಿಯಂತೆ ನಲವತ್ತು ಜನ 'ಆಮೀನ್' ಎಂದರು. ಮುಫ್ಲಿಹನೂ ಎಂದ. ಎಂದ ಮೇಲೆ ಅವನ ಬಾಯಿ ಮುಚ್ಚಲಿಲ್ಲ.

ಪಾಶಾ ಮುಂದುವರಿದಿದ್ದ. "ಕೇಳ್ತಿರೋದು ನಿಮ್ಮ ಮಗಳು ರನೀಮಳನ್ನ. ಅವಳ ಅಪ್ಪ ಸಾಮೆರ್. ಸಾಮೆರನ ಅಪ್ಪ ಸಲೀಮ್. ಸಲೀಮನ ಅಪ್ಪ ಹಾಜಿ..."

ಅಲ್ಲಿಗೆ ಬಂದು ಪಾಶಾ ನಿಂತ. ಯುದ್ಧಗಳಲ್ಲಿ ಇದ್ದು ಬಂದವನು, ಆದರೆ ಆ ಮುಂದಿನ ಹೆಸರಿನ ಮೇಲೆ ಕಾಲಿಡುವ ಮೊದಲು ನೆಲ ನೋಡಿಕೊಂಡ. ಅವನು ಅಷ್ಟು ಗಣ್ಯರ ಎದುರಿಗೆ ಹುಡುಗಿಯನ್ನು ಅವಳ ಅಜ್ಜನ ತಮ್ಮನಿಗೆ ಕೇಳಿಯಾಗಿತ್ತು.

ಮೊದಲು ಮಾತಾಡಿದವನು ಮುಫ್ಲಿಹ್. ತಾನು ಬದುಕಿದ್ದೇನೆ, ಇಲ್ಲೇ ಕೂತಿದ್ದೇನೆ, ಉಬಾದಾ ತನ್ನ ಮಗ, ತನ್ನ ಹೆಂಡತಿಯ ಬಗ್ಗೆ ಅಂಥ ಮಾತು ಬರಬಾರದಿತ್ತು ಎಂದ. ಒಳಕೋಣೆಯಿಂದ ಅವನ ಹೆಂಡತಿಯ ದನಿಯೂ ಬಂತು. ಅವಳು ಹೇಳಿದ್ದನ್ನು ಇಲ್ಲಿ ಬರೆಯುವಂತಿಲ್ಲ. ಪಾಶಾ ಕೆಂಪಾದ. ತಾನು ಕಟ್ಟಿ ಹೇಳಿದ್ದಲ್ಲ, ಈ ಮನೆಯ ಯಜಮಾನರೇ ಬರೆದಿಟ್ಟ ಪುಟದಲ್ಲಿ ಓದಿದ್ದು ಎಂದು ಮೊಬೈಲನ್ನು ಎತ್ತಿ ತೋರಿಸಿದ. ಉಬಾದಾನ ಪುಟ. ಅಪ್ಪ ಎಂದಿದ್ದ ಕಡೆ ಒತ್ತಿದ. ಮೀಸೆ ಬಂತು. ನಲವತ್ತು ಜನರೂ ಮೊಬೈಲು ತೆಗೆದರು. ಒಬ್ಬೊಬ್ಬರೂ ತಮ್ಮ ತಮ್ಮ ಅಪ್ಪಂದಿರನ್ನು ಒತ್ತಿ ನೋಡಿಕೊಂಡರು. ಕೋಣೆಯ ತುಂಬ ದಿಯಾಬ್ ಅಜ್ಜನ ಮೀಸೆ.

ಪಾಶಾ ಕೂತುಕೊಂಡು ಬಟ್ಟಲನ್ನು ಒಂದು ಗೇಣು ದೂರ ತಳ್ಳಿದ.

"ನಲವತ್ತು ಜನರ ಮುಂದೆ ನಾನು ಒಂದು ಸಲ ತಪ್ಪು ಹೇಳಿಯಾಯ್ತು. ಬಾಯಿಮಾತು ಕೇಳ್ಕೊಂಡು ಇನ್ನೊಂದ್ಸಲ ಹೇಳೋನಲ್ಲ. ನನಗೆ ಎಲ್ಲಿ ತಪ್ಪು ಓದಿಸಿದ್ರೋ ಅಲ್ಲೇ ಸರಿ ಓದಿಸಿ. ಹುಡುಗ, ಅಪ್ಪ, ಅಜ್ಜ, ಮುತ್ತಜ್ಜ. ಇಲ್ಲಾ ಅಂದ್ರೆ ನಾನು ಎದ್ದು ಹೋಗ್ತೀನಿ."

ಅವನು ಎದ್ದರೆ ಎಲ್ಲರೂ ಏಳಬೇಕು. ಉಬಾದಾ ಬಾಗಿಲ ಪಕ್ಕ ನಿಂತು ಒಳಕೋಣೆಯ ಪರದೆಯನ್ನೇ ನೋಡುತ್ತಿದ್ದ. ಇಷ್ಟು ವರ್ಷ ಎಲ್ಲರ ಮನೆಯ ಬಾಗಿಲಲ್ಲಿ ನಿಂತ ಫವ್ವಾಜನ ಮನೆಗೆ ಮೊದಲ ಸಲ ಇಷ್ಟು ಜನ ಬಂದಿದ್ದರು, ಅವರು ಹೀಗೆ ಎದ್ದು ಹೋಗುವುದರಲ್ಲಿದ್ದರು. ಅವನು ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಪರದೆಯ ಹತ್ತಿರ ಹೋಗಿ, "ಮಗಳೇ" ಎಂದ.

ಇಂಥ ಹೊತ್ತಿನಲ್ಲಿ ಹುಡುಗಿ ಹೊರಗೆ ಬರುವ ಪದ್ಧತಿಯಿಲ್ಲ. ರನೀಮ್ ಬಂದಳು. ಹೊಸ್ತಿಲ ಮೇಲೆ ಒಂದು ಸ್ಟೂಲು ಎಳೆದುಕೊಂಡು ಕೂತು ಲ್ಯಾಪ್‌ಟಾಪ್ ತೆರೆದಳು. ಫೈಲುಗಳ ಸಾಲನ್ನು ಮೇಲಿಂದ ಕೆಳಗೆ ನೋಡಿದಳು. ಲೆಕ್ಕದ ಮೇಡಂ ತಪ್ಪು ಉತ್ತರಗಳ ಕಟ್ಟು ನೋಡುವ ಹಾಗೆ.

"ಎಷ್ಟು ಬದಲಾಯಿಸಿದ್ದೀಯ, ಚಿಕ್ಕಪ್ಪ?"

"ಕೇಳಿದೋರಿಗೆಲ್ಲ."

"ಕೇಳದೆ ಇದ್ದೋರಿಗೆ?"

"ಅವರಿಗೂ."

ಅವಳು ಬೈಯಲಿಲ್ಲ. ಕೋಣೆಯ ಕಡೆ ತಿರುಗಿ ವಿಷಯ ಹೇಳಿದಳು. ಮಕ್ಕಳ ಪುಟಗಳು ಹಳೆಯ ಹೆಸರು ಹಿಡಿದು ಅಪ್ಪಂದಿರನ್ನು ಹುಡುಕುತ್ತಿವೆ, ಅಪ್ಪಂದಿರು ಹೆಸರು ಬದಲಾಯಿಸಿಕೊಂಡು ಕೂತಿದ್ದಾರೆ. ಒಂದೊಂದನ್ನೇ ತಿದ್ದುತ್ತಾ ಕೂತರೆ ದಿನಗಳೇ ಬೇಕು. ಆದರೆ ಮೊದಲಿನ ನಕಲು ಅವಳ ಹತ್ತಿರ ಭದ್ರವಾಗಿತ್ತು. ಎಲ್ಲ ಹೆಸರುಗಳನ್ನೂ ಒಟ್ಟಿಗೆ ಹಿಂದಕ್ಕೆ ತರಬಹುದು, ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತಿನ ಕೆಲಸ. ಹಾಗೆ ಮಾಡಿದರೆ ಪುಟದ ಒಳಗೆ ಹಾಜಿ ಹಾಜಿಯೇ, ಅಬು ಅಬುವೇ. ಮೇಲಿನ ಪಟ್ಟಿಯಲ್ಲಿ ಮಾತ್ರ ಎಲ್ಲರೂ ಮತ್ತೆ ಬರಿಹೆಸರು.

ಹುಡುಗಿಯ ಬಾಳು ಒಂದು ಕಡೆ ಇತ್ತು ನಿಜ. ಆದರೆ ಪಟ್ಟಿಯೂ ಸಣ್ಣದಲ್ಲ. ಒಬ್ಬ ಹಾಜಿ ಇನ್ನೊಬ್ಬ ಹಾಜಿಯ ಮುಖ ನೋಡಿದ. ಮುಖ್ತಾರ ಶಹಾದೆ ಗಂಟಲು ಸರಿಮಾಡಿಕೊಂಡು, ತನ್ನದು ಸರಕಾರಿ ಹುದ್ದೆಯಾದ್ದರಿಂದ ತನ್ನೊಬ್ಬನದನ್ನು ಬಿಟ್ಟು ಉಳಿದವರದನ್ನು ತೆಗೆಯಬಹುದೇನೋ ಎಂದು ಸಲಹೆ ಕೊಟ್ಟ. ಹಾಗಾದರೆ ತನ್ನದನ್ನೂ ಬಿಡಲಿ, ತಾನು ಎರಡು ಸಲ ಹೋಗಿ ಬಂದವನು ಎಂದು ಮೂಲೆಯಿಂದ ಇನ್ನೊಬ್ಬ ಹೇಳಿದ. ಇಸ್ಹಾಕ್ ಮಾತ್ರ, ತಾನು ಇದ್ದೇನೆ ಎಂದು ಹೆಂಡತಿಗೆ ಗೊತ್ತಾದರೆ ಸಾಕು, ಯಾವ ಹೆಸರಾದರೂ ಸರಿ ಎಂದ. ಪಾಶಾ ಗಡಿಯಾರ ನೋಡಿಕೊಂಡ. ಬಟ್ಟಲ ಮೇಲೆ ಕಾಫಿ ಕೆನೆಗಟ್ಟಿತ್ತು.

ಎಲ್ಲರ ಕಣ್ಣೂ ಮುಫ್ಲಿಹನ ಮೇಲೆ ಬಿತ್ತು. ಪಟ್ಟಿಯನ್ನು ಮೊದಲು ಬೆರಳಿಟ್ಟು ತೋರಿಸಿದವನು ಅವನೇ ಎಂಬುದು ಈಗ ಎಲ್ಲರಿಗೂ ನೆನಪಾಗಿತ್ತು. ಅವನು ತನ್ನ ಮೊಬೈಲಿನಲ್ಲಿ ಮಗನ ಪುಟ ತೆರೆದು ಅಪ್ಪ ಎಂದಿದ್ದ ಕಡೆ ಒತ್ತಿದ. ಮೀಸೆ ಬಂತು. ಹಿಂದಕ್ಕೆ ಹೋಗಿ ಮತ್ತೆ ಒತ್ತಿದ. ಮತ್ತೆ ಮೀಸೆ. ಮೊಬೈಲನ್ನು ತೊಡೆಯ ಮೇಲೆ ಬೋರಲು ಹಾಕಿದ.

"ನನ್ನ ಮಗ ಹುಡುಕ್ತಿರೋದು ಮುಫ್ಲಿಹನ್ನ," ಎಂದ. "ಹಾಜಿ ಯಾರು ಅಂತ ಅವನಿಗೆ ಗೊತ್ತಿಲ್ಲ. ಹಾಕಮ್ಮ. ಬರೀ ಮುಫ್ಲಿಹ್ ಅಂತಲೇ ಹಾಕು."

ಗಂಡಿನ ಅಪ್ಪನೇ ಹಾಗೆಂದ ಮೇಲೆ ಉಳಿದವರಿಗೆ ಹಟ ಹಿಡಿಯಲು ಮುಖವಿರಲಿಲ್ಲ. ಆಗಲಿ, ಆಗಲಿ ಎಂದರು. ಮುಖ್ತಾರನೂ ಕೊನೆಗೆ, ಊರಿ‌ನ ಹಿತಕ್ಕಾಗಿ ಎಂದು ಹೇಳಿಕೊಂಡು ಒಪ್ಪಿದ. ರನೀಮ್ ನಾಲ್ಕಾರು ಗುಂಡಿ ಒತ್ತಿ ಕೈಕಟ್ಟಿ ಕೂತಳು. ಸ್ವಲ್ಪ ಹೊತ್ತಾದ ಮೇಲೆ ಅವಳು ಪಾಶಾನ ಕಡೆ ತಲೆಯಾಡಿಸಿದಳು.

ಪಾಶಾ ಉಬಾದಾನ ಪುಟದಲ್ಲಿ ಒತ್ತಿದ. ಮುಫ್ಲಿಹ್ ಬಂದ, ಅಂಗಡಿಯ ಮುಂದೆ ನಿಂತ ಫೋಟೋ. ಪಾಶಾ ಫೋಟೋ ನೋಡಿದ, ಎದುರಿಗೆ ಕೂತಿದ್ದ ಮನುಷ್ಯನನ್ನು ನೋಡಿದ, ಎರಡೂ ತಾಳೆಯಾಯಿತು. ಮೇಲೆ ಒತ್ತಿದ, ಮುಫ್ಲಿಹನ ಅಪ್ಪ ಬಂದ. ಅದರ ಮೇಲೆ ಒತ್ತಿದ, ಅಜ್ಜನೂ ಬಂದ. ಪಾಶಾ ಎದ್ದು ನಿಂತು ದೇವರ ಹೆಸರಿನಿಂದ ಹಿಡಿದು ಮೊದಲಿನಿಂದ ಎಲ್ಲವನ್ನೂ ಹೇಳಿದ. ಕಲ್ಲನ್ನು ಹೊಗಳಿದ, ನೀರನ್ನು ಹೊಗಳಿದ, ಈ ಸಲ ಬದುಕಿರುವ ಅಪ್ಪನನ್ನೂ ಹೊಗಳಿದ. ಫವ್ವಾಜ್, ಕುಡಿಯಿರಿ, ನೀವು ಬಂದ ಕೆಲಸ ಆಯಿತು ಎಂದ. ಬಿಸಿ ಕಾಫಿ ತರುತ್ತೇವೆ ಎಂದರೂ ಕೇಳದೆ ಪಾಶಾ ಆ ತಣ್ಣಗಾದದ್ದನ್ನೇ ಎತ್ತಿ ಕುಡಿದ. ಹೋಗುವಾಗ ಫವ್ವಾಜನ ಕಿವಿಯಲ್ಲಿ, ದಯವಿಟ್ಟು ನನ್ನನ್ನು ಎಲ್ಲೂ ಬರೆಯಬೇಡಿ ಎಂದು ಕೇಳಿಕೊಂಡ.

ಮುಂದಿನ ವಾರ ಮದುವೆ ಪತ್ರ ಬರೆಯಲು ಶೇಖ್ ಬಂದ. ಹೆಣ್ಣಿಗೆ ಏನಾದರೂ ಷರತ್ತು ಹಾಕುವುದಿದೆಯೇ ಎಂದು ಅವನು ಕೇಳುವುದು ವಾಡಿಕೆ. ಊರು ಬಿಡಿಸಬಾರದು, ಕೆಲಸ ಬಿಡಿಸಬಾರದು, ಇಂಥವನ್ನು ಅವನು ಎಷ್ಟೋ ಬರೆದಿದ್ದ. ರನೀಮ್ ಒಂದು ಷರತ್ತು ಹೇಳಿದಳು: ಚಿಕ್ಕಪ್ಪನ ಯಾವ ಫೈಲಿನ ಹೆಸರೂ ಬದಲಾಗದಂತೆ ನೋಡಿಕೊಳ್ಳುವುದು ಗಂಡನ ಜವಾಬ್ದಾರಿ, ಬದಲಾದರೆ ಅವಳಿಗೆ ಮದುವೆ ಮುರಿಯುವ ಹಕ್ಕು. ಶೇಖ್ ಪೆನ್ನು ಕೆಳಗಿಟ್ಟ. ಇದೆಂಥ ಷರತ್ತು ಎಂದ. ಫವ್ವಾಜ್ ವಿವರಿಸಿದ. ಶೇಖ್ ಎಲ್ಲವನ್ನೂ ಕೇಳಿ, ಅದರಲ್ಲಿ ತಾನೂ ಇದ್ದೇನೆಯೇ ಎಂದು ಕೇಳಿದ. ಇದ್ದ. ಮೊಬೈಲಿನಲ್ಲಿ ತನ್ನ ಮಗನ ಪುಟ ತೆರೆಸಿಕೊಂಡು ಒತ್ತಿ ನೋಡಿದ. ತಾನೇ ಬಂದದ್ದನ್ನು ಖಚಿತಮಾಡಿಕೊಂಡು, ಪೆನ್ನು ತೆಗೆದುಕೊಂಡು ಷರತ್ತನ್ನು ದಪ್ಪ ಅಕ್ಷರದಲ್ಲಿ ಬರೆದ. ಉಬಾದಾ ಸಹಿ ಹಾಕಿದ.

ಇದೆಲ್ಲ ಆಗಿ ಒಂದು ವರ್ಷ ಕಳೆದ ಮೇಲೆ ಹಜ್ ಯಾತ್ರೆಯ ಪಟ್ಟಿಯಲ್ಲಿ ಫವ್ವಾಜನ ಹೆಸರು ಬಂತು. ಹೋದ. ತಲೆ ಬೋಳಿಸಿಕೊಂಡು, ಬಿಸಿಲಿಗೆ ಕಪ್ಪಾಗಿ, ಮೆಕ್ಕಾದ ಪವಿತ್ರ ಜಮ್‌ಜಮ್ ನೀರಿನ ಕ್ಯಾನು ಹೊತ್ತುಕೊಂಡು ಬಂದ. ನಾವೆಲ್ಲ ಮೆಟ್ಟಿಲ ಬುಡದಲ್ಲೇ ಕಾದಿದ್ದು ಹಾಜಿ ಫವ್ವಾಜ್, ಹಾಜಿ ಫವ್ವಾಜ್ ಎಂದು ಅಪ್ಪಿಕೊಂಡೆವು. ಮುಫ್ಲಿಹ್ ಎರಡು ಸಲ ಅಪ್ಪಿಕೊಂಡ. ಜೀವಮಾನದಲ್ಲಿ ಮೊದಲ ಸಲ ಅವನ ಹೆಸರಿನ ಮುಂದೆ ಏನೋ ಒಂದು ಬಂದಿತ್ತು. ಚಪ್ಪಲಿ ಬಿಡುವ ಮೊದಲೇ ಅವನು ಲ್ಯಾಪ್‌ಟಾಪ್ ತೆರೆದು ಕೂತ. ತನ್ನ ಪುಟದ ತಲೆಯ ಮೇಲೆ 'ಹಾಜಿ' ಎಂದು ಬರೆದ. ಆಮೇಲೆ ಅವನ ಕಣ್ಣು ನಿಧಾನವಾಗಿ ಮೇಲಿನ ಪಟ್ಟಿಗೆ ಹೋಗಿ ಅಲ್ಲೇ ನಿಂತಿತು.

ಮೊದಲು ಉಬಾದಾನನ್ನು ಕರೆದು, ಒಂದೇ ಒಂದು, ಯಾರಿಗೂ ಗೊತ್ತಾಗುವುದಿಲ್ಲ ಎಂದು ಕೇಳಿದ. ಹೆಂಡತಿಯನ್ನು ಕಳೆದುಕೊಳ್ಳುವ ಆಸೆ ತನಗಿಲ್ಲ ಎಂದು ಉಬಾದಾ ಹೇಳಿದ. ಆಮೇಲೆ ರನೀಮಳನ್ನು ಕೇಳಿದ. ಅವಳು ತನ್ನ ಪುಟವನ್ನು ತೆರೆದು ಅವನ ಮುಂದೆ ಇಟ್ಟಳು. ಅದರಲ್ಲಿ ಅಪ್ಪ ಎಂಬ ಸಾಲಿನ ಕೆಳಗೆ ಅವಳೇ ಇನ್ನೊಂದು ಸಾಲು ಸೇರಿಸಿದ್ದಳು: ಸಾಕಿದವರು. ಫೈಲಿನ ಕಂಸದೊಳಗೆ ಅವಳು ಬರೆದದ್ದು ಬರೀ ಫವ್ವಾಜ್.

"ನನಗೆ ಗೊತ್ತಿರೋ ದಾರಿ ಇದೊಂದೇ, ಚಿಕ್ಕಪ್ಪ," ಎಂದಳು. "ಒತ್ತು."

ಒತ್ತಿದ. ಬೋಳುತಲೆಯ ಹೊಸ ಫೋಟೋದೊಂದಿಗೆ ಅವನೇ ಬಂದ. ಹಿಂದಕ್ಕೆ ಹೋಗಿ ಮತ್ತೆ ಒತ್ತಿದ. ಮತ್ತೆ ಅವನೇ.

ಆಮೇಲೆ ಅವನು ಪಟ್ಟಿಯ ಮಾತೆತ್ತಲಿಲ್ಲ. ಹಜ್ ಮುಗಿಸಿ ಬಂದವನನ್ನು ನೋಡಲು ವಾರವಿಡೀ ಜನ ಬಂದರು. ಬಂದವರಿಗೆ ಖರ್ಜೂರ, ಜಮ್‌ಜಮ್ ನೀರು ಕೊಟ್ಟು, ರನೀಮಳ ಪುಟ ತೆರೆದು ಮುಂದೆ ಹಿಡಿದು, ಇದನ್ನೊಂದು ಒತ್ತಿ ಹೋಗಿ ಎನ್ನುತ್ತಿದ್ದ. ನಾನೂ ಒತ್ತಿದೆ. ಯಾರು ಒತ್ತಿದರೂ ಫವ್ವಾಜನೇ ಬರುತ್ತಿದ್ದ.